‘ಅಮ್ಮಾ, ನಾನು ಅಳಿದೆ!’: ಪುಟಾಣಿಗಳ ತಮಾಷೆ ಮಾತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಇಬ್ಬರು ಮಕ್ಕಳು. ಇಬ್ಬರೂ ಮಾತು ಕಲಿಯುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಆಮೇಲೆ ಇದರ ಬಗ್ಗೆ ಓದುವ ಹುಚ್ಚು ಹತ್ತಿತು. ಚಿಕ್ಕ ಮಕ್ಕಳಿರುವ ಗೆಳತಿಯರು, ನೆಂಟರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮಕ್ಕಳ ಈ ತಮಾಷೆ ಮಾತು ಯಾವ ವಯಸ್ಸಿಗೆ ಶುರುವಾಗುತ್ತದೆ?

ಆರೇಳು ತಿಂಗಳಿಗೆ ‘ಬಾಬಾಬಾ’, ‘ದಾದಾದಾ’ ಬರುತ್ತದೆ. ಅದಕ್ಕೆ ಅರ್ಥ ಇರುವುದಿಲ್ಲ, ಅದು ಬಾಯಿಯ ಕಸರತ್ತು. ಸಂಜ್ಞಾ ಭಾಷೆ ಆಡುವ ಮನೆಯಲ್ಲಿ ಹುಟ್ಟಿದ, ಕಿವಿ ಕೇಳದ ಮಕ್ಕಳು ಇದೇ ವಯಸ್ಸಿಗೆ ಬೆರಳುಗಳಲ್ಲೇ ತೊದಲುತ್ತಾರೆ. 1991ರಲ್ಲಿ ಲಾರಾ ಆನ್ ಪೆಟಿಟ್ಟೊ ಮತ್ತು ಪೌಲಾ ಮಾರೆಂಟೆಟ್ ಇದನ್ನು ತೋರಿಸಿಕೊಟ್ಟರು. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಮಾತು. ಒಂದೂವರೆ ವರ್ಷಕ್ಕೆ ಸುಮಾರು 50 ಪದ. ಎರಡರ ಹೊತ್ತಿಗೆ ಎರಡೆರಡು ಪದ ಜೋಡಿಸಿ ‘ಅಪ್ಪ ಟಾಟಾ’, ‘ಇನ್ನೂ ಬೇಕು’ ಅನ್ನುತ್ತಾರೆ. ನಿಜವಾದ ಮಜಾ ಅಲ್ಲಿಂದ ಐದು ವರ್ಷದವರೆಗೆ. ಒಂದೆರಡು ತಿಂಗಳು ಹಿಂದೆಮುಂದೆ ಆಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ.

ಮೊದಲು ಬಂದದ್ದು ‘ಅಮ್ಮ’. ನನ್ನನ್ನೇ ಕರೆಯಿತು ಅಂದುಕೊಳ್ಳಬಹುದಾ?

ಅಂದುಕೊಳ್ಳಿ, ತಪ್ಪೇನಿಲ್ಲ. ಆದರೆ ‘ಮ’, ‘ಬ’, ‘ಪ’ ಹೇಳಲು ತುಟಿ ಮುಚ್ಚಿ ತೆರೆದರೆ ಸಾಕು. ಸುಲಭವಾಗಿ ಬರುವ ಈ ಸದ್ದುಗಳನ್ನು ದೊಡ್ಡವರು ಹಿಡಿದುಕೊಂಡು ತಮಗೇ ಹೆಸರಾಗಿ ಇಟ್ಟುಕೊಂಡಿದ್ದಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಭಾಷೆಗಳಲ್ಲಿ ಅಮ್ಮ, ಮಾಮಾ, ಅಪ್ಪ, ಪಾಪಾ, ಬಾಬಾ ಇರುವುದು ಹೀಗೆ. ಈ ವಿಚಾರವನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್.

ಚಾರ್ಲ್ಸ್ ಡಾರ್ವಿನ್ ತಮ್ಮ ಮೊದಲ ಮಗನ ಬಗ್ಗೆ ಟಿಪ್ಪಣಿ ಬರೆದಿಟ್ಟು, 1877ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದರು. ಆ ಹುಡುಗ ಸರಿಯಾಗಿ ಒಂದು ವರ್ಷಕ್ಕೆ ಊಟಕ್ಕೆ ತಾನೇ ಒಂದು ಪದ ಮಾಡಿಕೊಂಡನಂತೆ. ಏನು ಗೊತ್ತಾ? ‘ಮಂ’. ನಾವು ಮಕ್ಕಳಿಗೆ ‘ಮಮ್ಮು ತಿನ್ನು’ ಅನ್ನುತ್ತೇವಲ್ಲ, ಆ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಕ್ಕು, ಹಸು, ಕುದುರೆ, ಎಲ್ಲವನ್ನೂ ‘ಬೌಬೌ’ ಅನ್ನುತ್ತದೆ. ವ್ಯತ್ಯಾಸ ಗೊತ್ತಾಗುವುದಿಲ್ಲವಾ?

ಬಹಳ ಸಲ ಗೊತ್ತಿರುತ್ತದೆ. ನಾಲ್ಕು ಚಿತ್ರ ಮುಂದಿಟ್ಟು ‘ಬೌಬೌ ಎಲ್ಲಿ?’ ಅಂತ ಕೇಳಿ ನೋಡಿ, ಸೀದಾ ನಾಯಿಯನ್ನೇ ತೋರಿಸುತ್ತದೆ. ಬಾಯಲ್ಲಿ ‘ಹಸು’ ಎಂಬ ಪದ ಇನ್ನೂ ಬಂದಿಲ್ಲ, ಇರುವ ಒಂದು ಪದದಲ್ಲೇ ಕೆಲಸ ಸಾಗಿಸುತ್ತಿದೆ, ಅಷ್ಟೇ. ಇದಕ್ಕೆ ಉಲ್ಟಾ ಆಗುವುದೂ ಉಂಟು. ನನ್ನ ಮಗನಿಗೆ ‘ಚಪ್ಪಲಿ’ ಅಂದರೆ ಅವನ ಅಪ್ಪನ ಕಂದು ಚಪ್ಪಲಿ ಮಾತ್ರ. ಉಳಿದವರು ಹಾಕಿಕೊಳ್ಳುತ್ತಿದ್ದುದಕ್ಕೆ ಅವನ ಲೆಕ್ಕದಲ್ಲಿ ಹೆಸರೇ ಇರಲಿಲ್ಲ.

‘ಕಾಗೆ’ ಹೋಗಿ ‘ತಾದೆ’ ಆಗುತ್ತದೆ, ‘ಚಪ್ಪಲಿ’ ಹೋಗಿ ‘ಪಚ್ಚಲಿ’ ಆಗುತ್ತದೆ. ಯಾಕೆ?

‘ಕ’, ‘ಗ’ ಹೇಳಲು ನಾಲಗೆಯ ಹಿಂಭಾಗ ಏಳಬೇಕು. ‘ತ’, ‘ದ’ ಹಾಗಲ್ಲ, ನಾಲಗೆಯ ತುದಿಯಲ್ಲೇ ಮುಗಿಯುತ್ತದೆ. ಪುಟ್ಟ ಬಾಯಿಗೆ ತುದಿಯ ಕೆಲಸ ಸುಲಭ. ‘ರ’ ತುಂಬಾ ತಡವಾಗಿ ಬರುತ್ತದೆ, ಅಲ್ಲಿಯವರೆಗೆ ‘ಲ’ ಅಥವಾ ‘ಯ’ ಅದರ ಜಾಗದಲ್ಲಿ ಕೂತಿರುತ್ತದೆ. ಒತ್ತಕ್ಷರ ಬಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಒತ್ತಿ ಹೇಳುವುದು ಇನ್ನೊಂದು ಉಪಾಯ. ಹಾಗಾಗಿ ‘ಪುಸ್ತಕ’ವು ‘ಪುತ್ತಕ’. ಅಕ್ಷರ ಹಿಂದೆಮುಂದೆ ಆಗುವುದು ಬೇರೆ ಥರ. ಪದದಲ್ಲಿ ಏನೇನಿದೆ ಅಂತ ನೆನಪಿದೆ, ಸರದಿ ಮಾತ್ರ ತಪ್ಪಿದೆ. ನಮ್ಮ ಮನೆಯಲ್ಲಿ ಹೆಲಿಕಾಪ್ಟರ್ ಎರಡು ವರ್ಷ ‘ಹೆಕಿಲಾಪ್ಟರ್’ ಆಗಿಯೇ ಹಾರಿತು.

ಇಲ್ಲಿ ಒಂದು ಸೊಗಸಿದೆ. ಮಗು ‘ತಾದೆ’ ಅಂದಾಗ ನೀವೂ ‘ತಾದೆನಾ?’ ಅಂತ ಕೇಳಿ. ಅದಕ್ಕೆ ಕೋಪ ಬರುತ್ತದೆ. ‘ತಾದೆ ಅಲ್ಲ, ತಾದೆ!’ ನೀವು ‘ಓ, ಕಾಗೆನಾ?’ ಅಂದ ಮೇಲೆ ‘ಹೂಂ, ತಾದೆ’ ಅಂತ ಸಮಾಧಾನ. 1960ರಲ್ಲಿ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಇಂಥದ್ದೇ ಒಂದು ಪ್ರಸಂಗ ಬರೆದಿದ್ದಾರೆ. ಆಟದ ಮೀನನ್ನು ‘ಫಿಸ್’ ಎನ್ನುತ್ತಿದ್ದ ಹುಡುಗ, ದೊಡ್ಡವರು ‘ಫಿಸ್’ ಅಂದರೆ ಒಪ್ಪುತ್ತಿರಲಿಲ್ಲ. ‘ಫಿಶ್’ ಅಂದರೆ ಮಾತ್ರ ಒಪ್ಪುತ್ತಿದ್ದ. ಕಿವಿ ಮುಂದೆ ಹೋಗಿರುತ್ತದೆ, ನಾಲಗೆ ಹಿಂದೆ ಉಳಿದಿರುತ್ತದೆ.

ಮೊದಲು ಸರಿಯಾಗಿ ‘ಅತ್ತೆ’, ‘ಕೊಟ್ಟೆ’ ಅನ್ನುತ್ತಿದ್ದ ಮಗು ಈಗ ‘ಅಳಿದೆ’, ‘ಕೊಡಿದೆ’ ಅನ್ನುತ್ತಿದೆ. ಕಲಿತದ್ದು ಮರೆತುಹೋಯಿತಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ನನಗೆ ಎಲ್ಲಕ್ಕಿಂತ ಇಷ್ಟದ್ದೂ ಇದೇ. ಮರೆತಿಲ್ಲ, ಮುಂದಕ್ಕೆ ಹೋಗಿದೆ.

ನನ್ನ ಮಗಳಿಗೆ ಎರಡು ಮುಕ್ಕಾಲು ವರ್ಷ. ಮೆಟ್ಟಿಲ ಹತ್ತಿರ ಮುಗ್ಗರಿಸಿ ಮಂಡಿ ತರಚಿಕೊಂಡಿದ್ದಳು. ಒಳಗೆ ಬಂದು ಗಂಭೀರವಾಗಿ ವರದಿ ಒಪ್ಪಿಸಿದಳು: ‘ಅಮ್ಮಾ, ನಾನು ಬೀಳಿದೆ. ಆಮೇಲೆ ಅಳಿದೆ. ಆಮೇಲೆ ಏಳಿದೆ.’ ‘ಅಳಿದೆ’ ಅಂದರೆ ನಾಶವಾದೆ ಅಂತ ಅರ್ಥ. ನಾಶವಾಗಿ ಮತ್ತೆ ಎದ್ದು ಬಂದ ಮಗಳನ್ನು ನೋಡಿ ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡೆ. ಎರಡು ತಿಂಗಳ ಹಿಂದೆ ಅವಳೇ ‘ಬಿದ್ದೆ’ ಅಂದದ್ದು ನೋಟ್‌ಬುಕ್ಕಿನಲ್ಲಿತ್ತು.

ಆಗುವುದು ಇಷ್ಟು. ಮೊದಲು ಮಗು ‘ಬಿದ್ದೆ’, ‘ಅತ್ತೆ’, ‘ಬಂದೆ’ ಇವನ್ನೆಲ್ಲ ಇಡಿ ಇಡಿಯಾಗಿ ಗಿಣಿಯ ಹಾಗೆ ಹಿಡಿದಿರುತ್ತದೆ. ‘ಬೀಳು’ವಿಗೂ ‘ಬಿದ್ದೆ’ಗೂ ನಂಟಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಆಮೇಲೆ ‘ಮಾಡು–ಮಾಡಿದೆ’, ‘ನೋಡು–ನೋಡಿದೆ’, ‘ಓಡು–ಓಡಿದೆ’ ಕೇಳಿ ಕೇಳಿ ಒಂದು ದಿನ ದೀಪ ಹತ್ತುತ್ತದೆ: ಓಹೋ, ಆಗಿಹೋದದ್ದಕ್ಕೆ ‘ಇದೆ’ ಹಚ್ಚಬೇಕು! ಹೊಸ ಸುತ್ತಿಗೆ ಸಿಕ್ಕ ಹುಡುಗನ ಹಾಗೆ ಕಂಡ ಕಂಡ ಕಡೆ ಬಡಿಯಲು ಶುರು. ‘ನಗಿದೆ’, ‘ತರಿದೆ’, ‘ಕೀಳಿದೆ’, ‘ಬರಿದೆ’. ಇದೇ ಸುತ್ತಿಗೆ ವಿಭಕ್ತಿಯ ಮೇಲೂ ಬೀಳುತ್ತದೆ. ಅಮ್ಮನಿಗೆ, ಅಣ್ಣನಿಗೆ ಅಂದ ಮೇಲೆ ‘ನಾನಿಗೆ’ ಯಾಕಾಗಬಾರದು? ‘ನನಗೆ’ ಅನ್ನುವುದರಲ್ಲಿ ‘ನಾ’ ಯಾಕೆ ಮೋಟಾಯಿತು? ನೀವು ಉತ್ತರ ಹೇಳಿ ನೋಡೋಣ.

ನಿಜ ಹೇಳಬೇಕೆಂದರೆ ಮಗುವಿನ ಕನ್ನಡ ನಮ್ಮದಕ್ಕಿಂತ ನೆಟ್ಟಗಿದೆ. ಇಂಗ್ಲಿಷ್ ಮಕ್ಕಳೂ ಹೀಗೇ. ‘ಗೋ’ (ಹೋಗು) ಎಂಬುದಕ್ಕೆ ಮೊದಲು ‘ವೆಂಟ್’, ಆಮೇಲೆ ‘ಗೋಡ್’, ಕೊನೆಗೆ ಮತ್ತೆ ‘ವೆಂಟ್’. 1992ರಲ್ಲಿ ಗ್ಯಾರಿ ಮಾರ್ಕಸ್ ಮತ್ತು ಸಂಗಡಿಗರು 83 ಮಕ್ಕಳ ಮಾತಿನಲ್ಲಿ ಇಂಥ ಅಡ್ಡಾದಿಡ್ಡಿ ಕ್ರಿಯಾಪದಗಳ 11,521 ರೂಪಗಳನ್ನು ಕೂತು ಎಣಿಸಿದರು. ತಪ್ಪಿದ್ದು ನೂರಕ್ಕೆ ಸುಮಾರು ಎರಡೂವರೆ ಸಲ ಮಾತ್ರ. ತಪ್ಪು ನಮ್ಮ ಕಿವಿಗೆ ಬೀಳುತ್ತದೆ, ಸರಿ ಬೀಳುವುದಿಲ್ಲ. ಇಡೀ ದಿನ ತಪ್ಪೇ ಹೇಳುತ್ತದೆ ಅನ್ನಿಸುವುದು ಅದಕ್ಕೇ.

ಇನ್ನೂ ಒಂದು. ‘ಅತ್ತೆ’, ‘ತಂದೆ’ ಎಂಬ ಪದಗಳು ಸುಮ್ನೆ ಕೂತು ಯೋಚಿಸಿದರೆ ನಮಗೇ ನಗು ತರುತ್ತವೆ. ‘ನಿನ್ನೆ ನಾನೂ ಅತ್ತೆ’ ಅಂತ ನಾನು ಒಮ್ಮೆ ಹೇಳಿದಾಗ ಮಗಳು ತಿದ್ದಿದಳು: ‘ನೀನು ಅತ್ತೆ ಅಲ್ಲ. ನೀನು ಅಮ್ಮ.’

ಅಕ್ಕಪಕ್ಕದ ಮಕ್ಕಳಿಂದ ಕಲಿತದ್ದಿರಬಹುದಾ?

‘ಕೊಡಿದೆ’ ಅಂತ ಯಾವ ದೊಡ್ಡವರೂ ಹೇಳುವುದಿಲ್ಲ. ಮಕ್ಕಳು ಬರೀ ಅನುಕರಣೆಯಿಂದ ಕಲಿಯುತ್ತಾರೆ ಎಂಬುದಕ್ಕೆ ಇದೇ ದೊಡ್ಡ ತೊಡಕು. 1958ರಲ್ಲಿ ಜೀನ್ ಬರ್ಕೊ ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು, ಅದಕ್ಕೆ ‘ವಗ್’ ಎಂಬ ಇಲ್ಲದ ಹೆಸರಿಟ್ಟು, ಎರಡಿದ್ದರೆ ಏನನ್ನಬೇಕು ಅಂತ ಮಕ್ಕಳನ್ನು ಕೇಳಿದರು. ನಾಲ್ಕೈದು ವರ್ಷದವರೂ ‘ವಗ್ಸ್’ ಅಂದರು. ಹುಟ್ಟಿದ್ದು ಇವತ್ತೇ ಆದ ಪದಕ್ಕೆ ಬಹುವಚನ ಎಲ್ಲಿಂದ ಬಂತು? ತಲೆಯೊಳಗಿನ ನಿಯಮದಿಂದ.

ಕನ್ನಡದಲ್ಲಿ ಬಹುವಚನದ ಆಟ ಅಷ್ಟು ಚೆನ್ನಾಗಿ ಆಗುವುದಿಲ್ಲ. ‘ಎರಡು ಪುಸ್ತಕ’ ಅಂದರೆ ಆಯಿತು, ‘ಗಳು’ ಬೇಕೆಂದೇನಿಲ್ಲ. ಕ್ರಿಯಾಪದ ಹಿಡಿದುಕೊಳ್ಳಿ. ಒಂದು ಕಾಲಲ್ಲಿ ಕುಪ್ಪಳಿಸುತ್ತ ‘ನಾನು ದಿನಾ ಜಿಬ್ಬುತ್ತೇನೆ. ನಿನ್ನೆಯೂ ನಾನು...?’ ಅಂತ ನಿಲ್ಲಿಸಿ. ನನ್ನ ಮಗ ಒಂದು ಕ್ಷಣವೂ ತಡೆಯದೆ ‘ಜಿಬ್ಬಿದೆ’ ಅಂದ. ಆಮೇಲೆ ಒಂದು ವಾರ ಮನೆ ತುಂಬ ಜಿಬ್ಬಿದ.

ತಪ್ಪು ಹೇಳಿದಾಗ ತಿದ್ದಬೇಕಾ?

ತಿದ್ದಿ ಪ್ರಯೋಜನ ಕಡಿಮೆ. ಮನೋವಿಜ್ಞಾನಿ ಮಾರ್ಟಿನ್ ಬ್ರೇನ್ ತಮ್ಮ ಮಗಳ ಜೊತೆ ಪಟ್ಟ ಪಾಡನ್ನು 1971ರಲ್ಲಿ ಬರೆದಿದ್ದಾರೆ. ಇಂಗ್ಲಿಷಿನಲ್ಲಿ ನಡೆದದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ. ಮಗಳಿಗೆ ‘ಇನ್ನೊಂದು ಒಂದು ಚಮಚ’ ಬೇಕು. ಅಪ್ಪ ‘ಇನ್ನೊಂದು ಚಮಚ’ ಅನ್ನು ಅನ್ನುತ್ತಾರೆ. ‘ಹೂಂ, ಇನ್ನೊಂದು ಒಂದು ಚಮಚ.’ ಅಪ್ಪ ಬಿಡಿಬಿಡಿಯಾಗಿ ಹೇಳಿಸುತ್ತಾರೆ. ‘ಇನ್ನೊಂದು’ ಅನ್ನು. ಅಂದಳು. ‘ಚಮಚ’ ಅನ್ನು. ಅಂದಳು. ‘ಇನ್ನೊಂದು ಚಮಚ’ ಅನ್ನು. ಅದನ್ನೂ ಅಂದಳು. ಅಂದವಳೇ, ಈಗ ‘ಇನ್ನೊಂದು ಒಂದು ಚಮಚ’ ಕೊಡ್ತೀಯಾ ಅಂತ ಕೇಳಿದಳು.

ಮಗುವಿಗೆ ಬೇಕಾದದ್ದು ಚಮಚ, ನಮಗೆ ಬೇಕಾದದ್ದು ವ್ಯಾಕರಣ. ಅದಕ್ಕೇ ನಾನು ಮಾಡಿದ್ದು ಇಷ್ಟೇ: ನನ್ನ ಉತ್ತರದಲ್ಲಿ ಸರಿಯಾದ ರೂಪ ಸೇರಿಸಿಬಿಡುವುದು. ‘ಅಣ್ಣಂಗೆ ಕೊಡಿದೆ’ ಅಂದರೆ ‘ಹೌದಾ, ಅಣ್ಣಂಗೆ ಕೊಟ್ಟೆಯಾ? ಏನು ಕೊಟ್ಟೆ?’ ಮಾತು ಮುಂದುವರಿಯುತ್ತದೆ, ಸರಿಯಾದ ಪದ ಎರಡು ಸಲ ಕಿವಿಗೆ ಬಿದ್ದಿರುತ್ತದೆ.

‘ನಿನ್ನ ಎತ್ತಿಕೋ’ ಅಂತ ತಾನೇ ಕೈ ಚಾಚುತ್ತದೆ. ‘ಅಜ್ಜ ಬಂತು’, ‘ನಾಯಿ ಬಂದ್ರು’ ಅನ್ನುತ್ತದೆ. ಇದೇನು?

ನೀವು ಮಗುವಿಗೆ ‘ನಿನ್ನ ಎತ್ತಿಕೊಳ್ಳಲಾ?’ ಅನ್ನುತ್ತೀರಿ. ಮಗುವಿಗೆ ತನ್ನ ಹೆಸರೇ ‘ನಿನ್ನ’ ಅನ್ನಿಸಿದರೆ ಅದರ ತಪ್ಪೇನು? ‘ನಾನು’ ಎಂಬ ಪದ ಯಾರು ಮಾತಾಡುತ್ತಾರೋ ಅವರ ಹಿಂದೆ ಓಡುತ್ತಿರುತ್ತದೆ. ಅದನ್ನು ಹಿಡಿಯಲು ಸ್ವಲ್ಪ ಸಮಯ ಬೇಕು. ಮೂರು ವರ್ಷದ ಹೊತ್ತಿಗೆ ಬಹಳ ಮಕ್ಕಳಿಗೆ ಕೈವಶವಾಗಿರುತ್ತದೆ.

‘ಅಜ್ಜ ಬಂತು’ ಅನ್ನುವುದಕ್ಕೂ ನಾವೇ ಕಾರಣ. ‘ಪಾಪು ಬಂತು, ಪಾಪು ಮಲಗಿತು’ ಅಂತ ಅದನ್ನು ನಪುಂಸಕಲಿಂಗದಲ್ಲಿ ಇಟ್ಟವರು ನಾವು. ಮುದ್ದಿನವರಿಗೆಲ್ಲ ‘ಬಂತು’ ಅನ್ನಬೇಕು ಅಂತ ಮಗು ತಿಳಿದರೆ ಅಜ್ಜನೂ ‘ಬಂತು’. ಇನ್ನೊಂದು ಮಗು ‘ಅಜ್ಜಿ ಬಂದ್ರು, ಮಾವ ಬಂದ್ರು’ ಕೇಳಿ ನಾಯಿಗೂ ಮರ್ಯಾದೆ ಕೊಡುತ್ತದೆ, ‘ನಾನು ಬಂದ್ರು’ ಅಂತ ತನಗೂ ಕೊಟ್ಟುಕೊಳ್ಳುತ್ತದೆ. ಎಣಿಕೆಯಲ್ಲೂ ಇದೇ ಕಥೆ: ‘ಎರಡು ಅಜ್ಜಿ’, ‘ಇಬ್ಬರು ಬೂಟು’. ಅಮ್ಮ ಕರೆಯುವುದನ್ನು ಕೇಳಿ ಅಪ್ಪನನ್ನು ‘ರೀ’ ಅಂತ ಕರೆಯುವ ಮಕ್ಕಳ ವಿಷಯ ಹೇಳಲೇಬೇಕಾಗಿಲ್ಲ.

ಹೇಳಿದ್ದನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ. ‘ತಲೆ ತಿನ್ನಬೇಡ’ ಅಂದರೆ ‘ತಿಂದಿಲ್ಲ, ಅಲ್ಲೇ ಇದೆ’ ಅನ್ನುತ್ತದೆ. ಬೇಕಂತಲೇ ಮಾಡುತ್ತದಾ?

ಇಲ್ಲ. ನುಡಿಗಟ್ಟು ಒಂದು ಗಂಟು. ಅದನ್ನು ಬಿಚ್ಚಿದರೆ ಒಳಗೆ ಬೇರೆ ಅರ್ಥ ಇರುತ್ತದೆ ಅಂತ ಗೊತ್ತಾಗುವುದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಅಲ್ಲಿಯವರೆಗೆ ಬಿಡಿ ಪದ ಏನು ಹೇಳುತ್ತದೋ ಅದೇ ಸತ್ಯ. ‘ಫೋನ್ ಕಟ್ ಆಯ್ತು’ ಅಂದರೆ ಕತ್ತರಿ ಹುಡುಕುತ್ತದೆ.

ಕನ್ನಡದಲ್ಲಿ ಒಂದು ವಿಶೇಷ ಇದೆ. ನಮಗೆ ನಿದ್ದೆ ಬರುತ್ತದೆ, ಕೋಪ ಬರುತ್ತದೆ, ಜ್ವರ ಬರುತ್ತದೆ, ಅಳು ಬರುತ್ತದೆ. ಎಲ್ಲವೂ ನೆಂಟರ ಹಾಗೆ ಹೊರಗಿನಿಂದ ಬರುತ್ತವೆ. ಒಂದು ರಾತ್ರಿ ಮಗನನ್ನು ಮಲಗಿಸುತ್ತಿದ್ದೆ.

‘ನಿದ್ದೆ ಬಂತಾ ಕಂದ?’
‘ಇಲ್ಲ.’
‘ಕಣ್ಣು ಮುಚ್ಕೋ, ಬರುತ್ತೆ.’
ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದ: ‘ಅಮ್ಮಾ, ಬಾಗಿಲು ಹಾಕಿದ್ದೀಯಲ್ಲ?’

ಎದ್ದು ಹೋಗಿ ಬಾಗಿಲು ಸ್ವಲ್ಪ ತೆರೆದಿಟ್ಟೆ. ಐದು ನಿಮಿಷದಲ್ಲಿ ನಿದ್ದೆ ಬಂತು.

‘ಪುಸ್ತಕ ಗಿಸ್ತಕ ಎತ್ತಿಡು’ ಅಂದರೆ ‘ಗಿಸ್ತಕ ಎಲ್ಲಿದೆ?’ ಅಂತ ಕೇಳುತ್ತದೆ. ಏನು ಹೇಳಲಿ?

ನಾನಂತೂ ಮಂಚದ ಕೆಳಗಿದೆ ಅಂದುಬಿಟ್ಟೆ. ಹುಡುಕಿ ಒಂದು ಮುರಿದ ಬಾಚಣಿಗೆ ತಂದುಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಮುರಿದ ಸಾಮಾನಿಗೆಲ್ಲ ‘ಗಿಸ್ತಕ’ ಅಂತಲೇ ಹೆಸರು. ‘ಗಿ’ ಹಚ್ಚಿದರೆ ‘ಅದರಂಥದ್ದು ಎಲ್ಲ’ ಅಂತ ಅರ್ಥ ಎಂಬುದು ಕೇಳುತ್ತಾ ಕೇಳುತ್ತಾ ತಾನೇ ತಿಳಿಯುತ್ತದೆ. ಒಮ್ಮೆ ತಿಳಿದ ಮೇಲೆ ‘ಅಮ್ಮ ಗಿಮ್ಮ’, ‘ಅಪ್ಪ ಗಿಪ್ಪ’ ಅಂತ ಯಾರನ್ನೂ ಬಿಡುವುದಿಲ್ಲ.

ಇಲ್ಲದ ಪದ ಹುಟ್ಟಿಸುತ್ತದೆ. ಒಪ್ಪಿಕೊಳ್ಳಬೇಕಾ?

ಖುಷಿಯಿಂದ. ಕಾಲಿಗೆ ಹಾಕುವುದು ಕಾಲುಚೀಲವಾದರೆ ಕೈಗೆ ಹಾಕುವುದು ಕೈಚೀಲವೇ ತಾನೇ? ಆ ಪದವನ್ನು ನಾವು ಬೇರೆ ಯಾವುದಕ್ಕೋ ಕೊಟ್ಟುಬಿಟ್ಟಿದ್ದೇವೆ, ಅದು ನಮ್ಮ ತಪ್ಪು. ‘ನಗಿಸು’, ‘ಮಲಗಿಸು’ ಇದ್ದ ಮೇಲೆ ‘ಅಪ್ಪನ್ನ ಬರಿಸು’ ಯಾಕಿರಬಾರದು? ಕಣ್ಣಿಗೆ ಬಿಸಿಲು ಹೊಡೆದಾಗ ‘ಬಿಸಿಲು ಆಫ್ ಮಾಡು’ ಅಂದ ಮಗನಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಪರದೆ ಎಳೆದೆ.

‘ನಾಳೆ ಹೋಗಿದ್ವಿ’, ‘ನಿನ್ನೆ ಹೋಗೋಣ’ ಅನ್ನುತ್ತದೆ.

ಈಗ ಅಲ್ಲದ್ದೆಲ್ಲ ಒಂದೇ ಬುಟ್ಟಿ. ನಾಯಿಯನ್ನು ತೋರಿಸಬಹುದು, ‘ನಾಳೆ’ಯನ್ನು ತೋರಿಸಲಾಗುವುದಿಲ್ಲ. ಮಲಗಿ ಎದ್ದರೆ ನಾಳೆ ಅಂದಿದ್ದಿರಿ, ಮಗು ಮಲಗಿ ಎದ್ದಿತು, ನೀವು ‘ಇವತ್ತು’ ಅಂದಿರಿ. ನಂಬಿಕೆದ್ರೋಹ ಅಲ್ವಾ?

‘ಇಲ್ಲ’, ‘ಅಲ್ಲ’, ‘ಬೇಡ’ ಮೂರನ್ನೂ ಕಲಸಿಬಿಡುತ್ತದೆ.

ಇಂಗ್ಲಿಷ್ ಮಗು ‘ನೋ’ ಒಂದರಲ್ಲಿ ಬಹಳ ದಿನ ಕಳೆಯಬಹುದು. ನಮ್ಮ ಮಕ್ಕಳಿಗೆ ಮೂರು ಬಾಗಿಲು. ‘ಅದು ಬೆಕ್ಕು ಇಲ್ಲ, ನಾಯಿ’ ಅನ್ನುವುದು ಸಾಮಾನ್ಯ. ‘ಬೇಡ’ ಮಾತ್ರ ಬೇಗ ಬರುತ್ತದೆ, ಅದರಿಂದ ಕೆಲಸ ಆಗುತ್ತದೆ ನೋಡಿ.

ಮನೆಯಲ್ಲಿ ಎರಡು ಭಾಷೆ. ಮಗು ಎರಡನ್ನೂ ಬೆರೆಸುತ್ತದೆ. ಗೊಂದಲ ಆಗುತ್ತಿದೆಯಾ?

ಬೆರೆಸುವುದು ಗೊಂದಲದ ಗುರುತಲ್ಲ. ಒಂದು ಭಾಷೆಯಲ್ಲಿ ಪದ ಸಿಗದಿದ್ದರೆ ಇನ್ನೊಂದರಿಂದ ಎರವಲು, ನಾವೂ ಅದನ್ನೇ ಮಾಡುತ್ತೇವೆ. ನಾವು ‘ಜಂಪ್ ಮಾಡಿದೆ’ ಅನ್ನುತ್ತೇವೆ, ಮಗು ನೇರವಾಗಿ ‘ಜಂಪಿದೆ’ ಅನ್ನುತ್ತದೆ. ಒಂದು ಭಾಷೆಯ ಬೇರು, ಇನ್ನೊಂದರ ಪ್ರತ್ಯಯ, ಸರಿಯಾದ ಜಾಗದಲ್ಲಿ. ಅಷ್ಟು ಅಚ್ಚುಕಟ್ಟಾಗಿ ಬೆರೆಸಲು ಎರಡರ ವ್ಯಾಕರಣವೂ ಗೊತ್ತಿರಬೇಕು.

ಎಲ್ಲರೆದುರು ನಗಬಹುದಾ?

ಮಗುವೂ ನಗುತ್ತಿದ್ದರೆ ನಗಿ. ಅದು ಗಂಭೀರವಾಗಿ ಏನೋ ಹೇಳಲು ಹೊರಟಾಗ ನಾಲ್ಕು ಜನ ಗೊಳ್ಳೆಂದರೆ ಮುಖ ಚಿಕ್ಕದಾಗುತ್ತದೆ. ‘ಇನ್ನೊಂದ್ಸಲ ಹೇಳು, ಆಂಟಿಗೆ ಹೇಳು’ ಅಂತ ಕುಣಿಸುವುದು ನನಗೆ ಹಿಡಿಸುವುದಿಲ್ಲ.

ಯಾವಾಗ ಚಿಂತೆ ಮಾಡಬೇಕು?

ಇಲ್ಲಿ ತಮಾಷೆ ಬೇಡ. 12 ತಿಂಗಳಾದರೂ ತೊದಲು ಸದ್ದು, ಕೈ ತೋರಿಸುವುದು, ಟಾಟಾ ಮಾಡುವುದು ಇಲ್ಲದಿದ್ದರೆ, 16 ತಿಂಗಳಿಗೆ ಒಂದೂ ಪದ ಬಾರದಿದ್ದರೆ, 24 ತಿಂಗಳಿಗೆ ಎರಡು ಪದ ತಾನಾಗಿ ಜೋಡಿಸದಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ. ಬಂದ ಮಾತು ಹೊರಟುಹೋದರೆ ಯಾವ ವಯಸ್ಸಿನಲ್ಲಾದರೂ ತಡಮಾಡಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹೊರಗಿನವರಿಗೆ ಮಾತು ಎಷ್ಟು ಅರ್ಥವಾಗುತ್ತದೆ ಎಂಬುದಕ್ಕೆ ಒಂದು ಅಂದಾಜು ಲೆಕ್ಕ ಇದೆ: ಎರಡು ವರ್ಷಕ್ಕೆ ಅರ್ಧ, ಮೂರಕ್ಕೆ ಮುಕ್ಕಾಲು, ನಾಲ್ಕಕ್ಕೆ ಹೆಚ್ಚುಕಡಿಮೆ ಎಲ್ಲ.

ಎರಡರಿಂದ ಐದು ವರ್ಷದ ನಡುವೆ ‘ನಾನು ನಾನು ನಾನು...’ ಅಂತ ತಡವರಿಸುವುದು ಬಹಳ ಮಕ್ಕಳಲ್ಲಿ ಬಂದು ಹೋಗುತ್ತದೆ. ಆರು ತಿಂಗಳು ದಾಟಿದರೂ ಹೋಗದಿದ್ದರೆ, ಅಥವಾ ಮಾತಾಡುವಾಗ ಮುಖ ಬಿಗಿದು ಒದ್ದಾಡುತ್ತಿದ್ದರೆ ವಾಕ್ ತಜ್ಞರಿಗೆ ತೋರಿಸಿ. ‘ನಮ್ಮ ಅಣ್ಣನೂ ತಡವಾಗಿಯೇ ಮಾತಾಡಿದ್ದು’ ಎಂಬ ನೆಂಟರ ಮಾತು ಕೇಳಿಕೊಂಡು ವರ್ಷ ಕಳೆಯಬೇಡಿ.

ಬರೆದಿಡುವುದು ಹೇಗೆ?

ಕೇಳಿದ ಕೂಡಲೇ. ಸಂಜೆಗೆ ಬರೆಯೋಣ ಅಂದರೆ ನಿಮ್ಮ ನೆನಪು ಅದನ್ನು ತಿದ್ದಿಬಿಟ್ಟಿರುತ್ತದೆ. ವಯಸ್ಸನ್ನು ಭಾಷಾವಿಜ್ಞಾನಿಗಳು 2;9 ಎಂದು ಬರೆಯುತ್ತಾರೆ, ಎರಡು ವರ್ಷ ಒಂಬತ್ತು ತಿಂಗಳು ಅಂತ. ಅದು ಚಿಕ್ಕದು, ಚೊಕ್ಕದು. ಪಕ್ಕದಲ್ಲಿ ಏನು ನಡೆಯುತ್ತಿತ್ತು ಅಂತ ಒಂದು ಸಾಲು ಇರಲಿ, ಇಲ್ಲದಿದ್ದರೆ ಮುಂದೆ ನಿಮಗೇ ತಲೆಬುಡ ಗೊತ್ತಾಗುವುದಿಲ್ಲ. ಡೆಬ್ ರಾಯ್ ಎಂಬ ವಿಜ್ಞಾನಿ ಮನೆಯ ತುಂಬ ಕ್ಯಾಮೆರಾ ಇಟ್ಟು, ಮಗ ಮಾತು ಕಲಿಯುವುದನ್ನು ಸುಮಾರು 90,000 ಗಂಟೆ ವಿಡಿಯೊ ಮಾಡಿದರು. ‘ಗಾಗಾ’ ಎಂಬುದು ಮೆಲ್ಲಗೆ ‘ವಾಟರ್’ ಆಗುವುದು ಅದರಲ್ಲಿದೆ. ನಮಗೆ ಅಷ್ಟೆಲ್ಲ ಬೇಡ, ಅಡುಗೆಮನೆಯಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲ್ ಸಾಕು.

ಈ ಮಾತುಗಳು ಯಾವಾಗ ನಿಲ್ಲುತ್ತವೆ?

ಐದಾರು ವರ್ಷಕ್ಕೆ ಹೆಚ್ಚಿನವು ಹೋಗಿರುತ್ತವೆ, ಅಪರೂಪದ ಕ್ರಿಯಾಪದಗಳು ಇನ್ನೂ ಒಂದಷ್ಟು ದಿನ ಕಾಡುತ್ತವೆ. ಯಾವುದೂ ಹೇಳಿ ಹೋಗುವುದಿಲ್ಲ. ‘ಹೆಕಿಲಾಪ್ಟರ್’ ಕೊನೆಯ ಸಲ ಯಾವತ್ತು ಹಾರಿತು ಅಂತ ನನ್ನ ನೋಟ್‌ಬುಕ್ಕಿನಲ್ಲೂ ಇಲ್ಲ.

ಮೊನ್ನೆ ಆ ನೋಟ್‌ಬುಕ್ ಮಗಳ ಕೈಗೆ ಸಿಕ್ಕಿತ್ತು. ಈಗ ಎರಡನೇ ಕ್ಲಾಸು. ಕೂತು ಪೂರ್ತಿ ಓದಿದ್ದಾಳೆ. ನಾನು ತೆರೆದು ನೋಡಿದರೆ ‘ಬೀಳಿದೆ’, ‘ಅಳಿದೆ’, ‘ಏಳಿದೆ’ ಮೂರಕ್ಕೂ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದು, ಮೇಲೆ ‘ಬಿದ್ದೆ’, ‘ಅತ್ತೆ’, ‘ಎದ್ದೆ’ ಅಂತ ದುಂಡಗೆ ಬರೆದಿತ್ತು. ಪುಟದ ಕೊನೆಗೆ ಹತ್ತಕ್ಕೆ ಮೂರು ಅಂಕ. ನನಗೆ.